ಮ್ಯಾಟ್ ಎತ್ತಿ ತೋರಿಸಿದರು

ಸವಣೂರಿನಲ್ಲಿ ಕೊಳ್ಳಲೆಂದು ನೋಡಲು ಹೋದ ಹಳೆಯ ಅಂಬಾಸಡರ್ ಕಾರಿನ ಬಾನೆಟ್ ಎತ್ತಿದ ಕೂಡಲೇ ನನಗೆ ಅದರ ಬೆಲೆ ಗೊತ್ತಾಯಿತು. ಎಂಜಿನ್ ಮೂಲದ್ದೇ ಇತ್ತು. ಎರಡು ಲಕ್ಷ ಕೊಟ್ಟರೂ ನಷ್ಟವಿರಲಿಲ್ಲ. ಆದರೂ ಮುಖ ಸಪ್ಪಗೆ ಮಾಡಿಕೊಂಡು, ಬಣ್ಣ ಹೋಗಿದೆ, ಟೈರ್ ಸವೆದಿದೆ ಎಂದು ಗೊಣಗಿ ಎಂಬತ್ತು ಸಾವಿರ ಹೇಳಿದೆ.

ಕಾರಿನ ಒಡತಿ, ನಿವೃತ್ತ ಶಿಕ್ಷಕಿ, ಚೌಕಾಸಿ ಮಾಡಲಿಲ್ಲ. ಬಾಗಿ ಹಿಂದಿನ ಸೀಟಿನ ಮುಂದಿದ್ದ ಮ್ಯಾಟ್ ಎತ್ತಿದರು. ಕೆಳಗಿನ ತಗಡು ತುಕ್ಕು ಹಿಡಿದು ಅಂಗೈಯಗಲ ತೂತು ಬಿದ್ದಿತ್ತು.

"ಇದನ್ನ ನೀವು ನೋಡಲಿಲ್ರಿ. ಇದನ್ನೂ ಹಿಡದು ರೇಟ್ ಹೇಳ್ರಿ."

ಅವರ ಮುಂದೆ ಎಂಬತ್ತು ಸಾವಿರಕ್ಕೇ ಅಂಟಿಕೊಳ್ಳಲು ನನಗೆ ನಾಚಿಕೆಯಾಯಿತು. "ಒಂದೂವರೆ ಲಕ್ಷ ಕೊಡ್ತೇನ್ರಿ, ಅಕ್ಕೋರ," ಎಂದೆ.

ಅವರು ಗಾಬರಿಯಾದರು. "ತೂತ ನೋಡಿದ ಮ್ಯಾಲ ಯಾರರ ರೇಟ್ ಏರಸ್ತಾರೇನ್ರಿ?"

ಕಾರು ಈಗ ಹಾನಗಲ್ಲಿನ ನಮ್ಮ ಮನೆಯ ಮುಂದಿದೆ. ಎರಡು ಲಕ್ಷ ಎನ್ನಲು ಅಂದು ನನಗೆ ಬಾಯಿ ಬರಲಿಲ್ಲವಲ್ಲ ಎಂಬುದು ಇನ್ನೂ ಕೊರೆಯುತ್ತಲೇ ಇದೆ.