ಮಾಂಬಳ್ಳಿಯಲ್ಲಿ ಕೈಕಟ್ಟಿ ಕೂತ ಹೊತ್ತು

ಸೋಮವಾರ ಬೆಳಿಗ್ಗೆ ಕೊಳ್ಳೇಗಾಲದಲ್ಲಿ ಯಳಂದೂರಿನ ಬಸ್ಸು ಹತ್ತಿದೆ. ಮಾಂಬಳ್ಳಿಗೆ ಮೂವತ್ತು ನಯಾಪೈಸೆ. ಹನೂರಿನಲ್ಲಿ ಹೊಸದಾಗಿ ತೆರೆಯುವ ನೇಯ್ಗೆ ಶಾಲೆಗೆ ಹೆಣ್ಣುಮಕ್ಕಳಿಗೆ ಕಲಿಸಲು ನನ್ನನ್ನು ಕರೆದಿದ್ದರು. ಅದೇ ದಿನ ಸಂಜೆಯೊಳಗೆ ಅಲ್ಲಿಗೆ ಹೋಗಿ ಉತ್ತರ ಹೇಳಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ.

ರೇಷ್ಮೆ ಸೀರೆ ನೇಯುವುದರಲ್ಲಿ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಬೇರೆಯವರು ಹೇಳಲಿ ಎಂದು ಕಾಯುವ ಜಾಯಮಾನ ನನ್ನದಲ್ಲ, ನಾನೇ ಹೇಳಿಬಿಡುತ್ತೇನೆ. ಆದರೆ ಕಲಿಸುವುದು? ಸ್ವಂತ ತಂಗಿಗೆ ಕಲಿಸಹೋಗಿ ಮಾತು ಬಿಟ್ಟಿದ್ದೆವು. ಮನೆಯ ಮಗ್ಗ ಬಿಟ್ಟುಹೋಗಿ ಅಲ್ಲಿಯೂ ಸೋತರೆ ಎರಡೂ ಕೆಟ್ಟಹಾಗೆ. ನನಗೆ ಅಕ್ಷರ ಕಲಿಸಿದ ಟೀಚರಮ್ಮ ನಿವೃತ್ತರಾಗಿ ತವರೂರು ಮಾಂಬಳ್ಳಿಯಲ್ಲಿದ್ದರು. ಅವರನ್ನೇ ಕೇಳೋಣವೆಂದು ಹೊರಟೆ.

ಮೊದಲಾಗಿದ್ದರೆ ಇದು ಮದ್ರಾಸು ಸೀಮೆಯಿಂದ ಮೈಸೂರು ಸೀಮೆಗೆ ಹೋಗುವ ಪ್ರಯಾಣ. ಈಗ ಎರಡೂ ಒಂದೇ ರಾಜ್ಯ. ಧೂಳು ಮಾತ್ರ ಅಷ್ಟೇ ಇತ್ತು. ಪಕ್ಕದಲ್ಲಿ ಕೂತ ರೈತರೊಬ್ಬರು, "ಯಾರ್ ಮನ್ಗವ್ವಾ?" ಎಂದರು. ಟೀಚರಮ್ಮನ ಮನೆಗೆ ಎಂದೆ. "ಉಸಾರು ಕನವ್ವಾ, ಅವ್ರು ಕೆಲ್ಸ ಮಾಡುಸ್ದೆ ಬುಡದಿಲ್ಲ" ಎಂದು ನಕ್ಕರು.

ಟೀಚರಮ್ಮ ಜಗಲಿಯಲ್ಲೇ ಕೂತಿದ್ದರು. ಹೂ ಕಟ್ಟಲು ಆಗಲೆಂದು ತಂದಿದ್ದ ರೇಷ್ಮೆ ಎಳೆಗಳನ್ನು ಕೊಟ್ಟು, ಎಲ್ಲ ಒದರಿದೆ. "ಓಗ್ಲಾ ಬ್ಯಾಡ್ವಾ, ನೀವೇ ಏಳಿ ಟೀಚರಮ್ಮ."

ಅವರು ಒಂದು ಎಳೆಯನ್ನು ಪಟ್ಟನೆ ಕಿತ್ತು, "ಕಡ್ದೋಯ್ತು. ಎಂಗ್ ಸೇರ್ಸೋದು, ಕಲ್ಸು ಕನಮ್ಮಿ" ಎಂದರು.

ಕನ್ನಡಕ ಸರಿಮಾಡಿಕೊಂಡು ತುದಿಗಳನ್ನು ತಡಕಾಡತೊಡಗಿದರು. ನನಗೆ ತಡೆಯಲಾಗಲಿಲ್ಲ. "ತತ್ತನ್ನಿ ಇತ್ಲಾಗೆ!" ಎಂದು ಕಸಿದು ಗಂಟು ಹಾಕಿಬಿಟ್ಟೆ. ಮಗ್ಗದವರ ಬುದ್ಧಿಯೇ ಅದು, ಎಳೆ ಕಡಿದರೆ ಕೈ ಸುಮ್ಮನಿರುವುದಿಲ್ಲ. ಅವರು ಮತ್ತೆ ಕಿತ್ತರು, ನಾನು ಮತ್ತೆ ಕಸಿದೆ.

"ಗಂಟು ಬಂದದ್ದು ಯಾರ್ಗೆ? ನಿಂಗೇ. ನಿಂಗೆ ಮೊದ್ಲೇ ಬತ್ತಿತ್ತು" ಎಂದರು ಟೀಚರಮ್ಮ. "ಕೈ ಕಟ್ಕಂಡು ಕೂತ್ಕೊ. ಬಾಯಲ್ಲಿ ಏಳು."

ಅಬ್ಬಾ, ಆ ಕಷ್ಟ ಶತ್ರುವಿಗೂ ಬೇಡ! ನಾನು ಹೆಬ್ಬೆರಳು ಎಂದರೆ ಅವರು ತೋರುಬೆರಳು ಎತ್ತುತ್ತಿದ್ದರು. "ಅಯ್ಯೋ, ಅಂಗಲ್ಲ ಕನ್ರಿ!" ಎಂದು ಗದರಿದೆ, ಅವರು ನಕ್ಕರು. ಆಮೇಲೆ ಎಳೆ ನೋಡುವುದು ಬಿಟ್ಟು ಅವರ ಮುಖ ನೋಡಿದೆ. ಎಲ್ಲಿ ತಿಳಿಯಲಿಲ್ಲವೆಂದು ಅಲ್ಲೇ ಕಾಣುತ್ತಿತ್ತು. ಅಷ್ಟನ್ನೇ ಬೇರೆ ಮಾತಿನಲ್ಲಿ ಹೇಳಿದೆ. ಗಂಟು ಬಿತ್ತು, ಎಳೆದರೂ ಬಿಚ್ಚಲಿಲ್ಲ. ನಾನು ನೇಯ್ದ ಯಾವ ಸೀರೆಗೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ರಾಗಿಮುದ್ದೆ, ಅವರೆಕಾಳಿನ ಸಾರು ಉಂಡು ಹೊರಟೆ. ರಸ್ತೆಯವರೆಗೂ ಬಿಸಿಲಲ್ಲಿ ಜೊತೆಗೆ ಬಂದರು. ಬಸ್ಸು ಕಂಡಾಗ ನನಗೆ ನೆನಪಾಯಿತು. "ಓಗ್ಲಾ ಬ್ಯಾಡ್ವಾ ಅಂತ ನೀವು ಏಳ್ನೇ ಇಲ್ಲ!"

"ನಾ ಏಳ್ಬುಟ್ರೆ ಅದೂ ನಿನ್ ಕೈಯಿಂದ ಕಿತ್ಕಂಡಂಗೇ ಅಲ್ವಾ ಮಗಾ?" ಎಂದರು.

ದಾರಿಯುದ್ದಕ್ಕೂ ಗದ್ದೆ ಕಬ್ಬು ಯಾವುದೂ ನನ್ನ ಕಣ್ಣಿಗೆ ಬೀಳಲಿಲ್ಲ. ಕೊಳ್ಳೇಗಾಲದಲ್ಲಿ ನಮ್ಮ ಯಜಮಾನರು ನನ್ನನ್ನು ಮನೆಗೆ ಕರೆದೊಯ್ಯಲು ಸೈಕಲ್ ಹಿಡಿದು ನಿಂತಿದ್ದರು.

"ಟೀಚರಮ್ಮ ಏನಂದ್ರು?"

"ಏನೂ ಅನ್ನಿಲ್ಲ" ಎಂದೆ. "ಅನೂರ್ ಬಸ್ಸು ಎಲ್ಲಿ ನಿಂತದೆ, ಬೇಗ ತೋರ್ಸಿ. ಬತ್ತೀನಿ ಅಂತ ನನ್ ಬಾಯಲ್ಲೇ ಏಳ್ಬೇಕು."