ಸಾಕ್ಷಿಯ ಹೆಸರು

ಎಂಬತ್ತರ ದಶಕದಲ್ಲಿ ನಾನು ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಒಂದು ಕೌಂಟಿ ಆಫೀಸಿನಲ್ಲಿ, ಅಂದರೆ ಅಲ್ಲಿನ ಜಿಲ್ಲಾ ಕಚೇರಿಯಲ್ಲಿ, ಮದುವೆ ಮಾಡಿಸುತ್ತಿದ್ದೆ. ಪುರೋಹಿತಳಾಗಿ ಅಲ್ಲ, ಸರ್ಕಾರದ ಪರವಾಗಿ. ಕೌಂಟರಿನಲ್ಲಿ ಕೂತು ಜನನ ಮರಣದ ಸರ್ಟಿಫಿಕೇಟು ಕೊಡುತ್ತಿದ್ದವಳನ್ನು ಮೇಲಧಿಕಾರಿ ಒಂದು ದಿನ ಒಳಗೆ ಕರೆದು, ಬಲಗೈ ಎತ್ತಿಸಿ ಪ್ರಮಾಣವಚನ ಹೇಳಿಸಿ, ಕರಿ ನಿಲುವಂಗಿಯೊಂದನ್ನು ಕೈಗಿಟ್ಟರು. ಅಲ್ಲಿ ಆ ಕೆಲಸಕ್ಕೆ ಬಂದ ಮೊದಲ ಭಾರತೀಯ ಹೆಂಗಸು ನಾನೇ ಎಂದು ಅವರೇ ಹೇಳಿದ್ದು. ನಿಲುವಂಗಿಯ ಕೆಳಗೆ ಮೈಸೂರು ಸಿಲ್ಕಿನ ಅಂಚು ಕಾಣುವಂತೆ ಉಡುತ್ತಿದ್ದೆ. ಜಂಬವೇ ಅಂದರೆ, ಹೌದು, ಜಂಬವೇ. ಯಾಕಿರಬಾರದು?

ಲಾಸ್ ಆಲ್ಟೋಸಿನ ಡಾಕ್ಟರುಗಳಿಂದ ಹಿಡಿದು ಹೊಸದಾಗಿ ಬಂದಿಳಿದ ಇಂಜಿನಿಯರುಗಳವರೆಗೆ ನಮ್ಮವರೆಲ್ಲ ರಿಜಿಸ್ಟರ್ ಮದುವೆಗೆ ನನ್ನನ್ನೇ ಹುಡುಕಿಕೊಂಡು ಬರತೊಡಗಿದರು. ಧಾರೆ, ಊಟ ಎಲ್ಲ ಆಮೇಲೆ; ವೀಸಾಕ್ಕೆ ಮೊದಲು ಇದು ಬೇಕು. ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೆ. ಶುರುವಾಗುವ ಮೊದಲು ಹುಡುಗಿಯನ್ನು ಪಕ್ಕದ ಕೋಣೆಗೆ ಕರೆದು ಕನ್ನಡದಲ್ಲಿ ಮಾತಾಡಿಸುವುದು. ಯಾವ ಕಾನೂನೂ ಹಾಗೆ ಮಾಡು ಅನ್ನುತ್ತಿರಲಿಲ್ಲ. ಆದರೆ ಇಂಗ್ಲಿಷಿನಲ್ಲಿ 'ಐ ಡೂ' ಅನ್ನುವುದನ್ನು ಗಿಣಿಗೂ ಕಲಿಸಬಹುದು, ಅದನ್ನು ಒಪ್ಪಿಗೆ ಅನ್ನಲು ನನ್ನ ಮನಸ್ಸು ಒಪ್ಪುತ್ತಿರಲಿಲ್ಲ.

ಆ ದಿನ ಬೆಳಗಿನಿಂದ ಬಲಗಣ್ಣು ಅದುರುತ್ತಿತ್ತು. ಅಂಥದ್ದನ್ನೆಲ್ಲ ನಂಬುವವಳಲ್ಲ ನಾನು, ಆದರೂ ಕಾಫಿ ಸೇರಲಿಲ್ಲ. ಹೊರಗೆ ಮಂಜು ಗುಡ್ಡ ಇಳಿದು ಪಾರ್ಕಿಂಗ್ ಲಾಟಿನವರೆಗೂ ಬಂದು ಕೂತಿತ್ತು.

ಬಂದವರು ಮೂವರು. ಮದುವೆ ಗಂಡು ನನಗೆ ಗೊತ್ತಿದ್ದವನೇ. ನಲವತ್ತು ದಾಟಿದವನು, ಡೈವೋರ್ಸಾದವನು, ಸಿಟಿಜನ್, ಸೌತ್ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಸ್ವಂತ ಮನೆ. ಊರಿನಿಂದ ಯಾರೇ ಬರಲಿ, ಮೊದಲ ಊಟ ಅವನ ಮನೆಯಲ್ಲಿ. ಎಲ್ಲರ ಬಾಯಲ್ಲೂ ಅವನು 'ಅಣ್ಣ'. ಅವನ ನಗುವಿನಲ್ಲಿ ತಪ್ಪು ಹುಡುಕಲು ಆಗುತ್ತಿರಲಿಲ್ಲ, ನನಗೆ ಅದೇ ಸರಿಬರುತ್ತಿರಲಿಲ್ಲ. ಹುಡುಗಿ ಮಂಡ್ಯದ ಕಡೆಯವಳು, ಇಪ್ಪತ್ತರ ಆಸುಪಾಸು. ಕೊರಳು ಬೋಳಾಗಿತ್ತು, ಇನ್ನೂ ಮದುವೆಯಾಗದ ಹುಡುಗಿಯ ಕೊರಳು ಇನ್ನು ಹೇಗಿರಬೇಕು? ಜೊತೆಗೆ ಸಾಕ್ಷಿಗೆಂದು ಒಬ್ಬ ಯುವಕ, ಹುಡುಗಿಯ ದೂರದ ಸಂಬಂಧಿ ಎಂದು ಪರಿಚಯಿಸಿದರು. ಅವನು ಗೋಡೆಗೆ ಆತುಕೊಂಡು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ.

ಹುಡುಗಿಯನ್ನು ಪಕ್ಕದ ಕೋಣೆಯಲ್ಲಿ ಕೂರಿಸಿಕೊಂಡೆ. ಹೆದರಬೇಡ ಎಂದು ನೀರು ಕೊಟ್ಟೆ. ಗಂಡಿನ ಹೆಸರೇನು ಎಂದು ಕೇಳಿದೆ. ಇನಿಷಿಯಲ್ ಸಮೇತ ಪಟ್ಟನೆ ಹೇಳಿದಳು, ಸ್ಕೂಲಿನಲ್ಲಿ ಹಾಜರಿ ಕೂಗುವ ಹಾಗೆ. ಪರವಾಗಿಲ್ಲ, ಈ ಕಾಲದ ಹುಡುಗಿ ಅಂದುಕೊಂಡೆ. ಸಾಕ್ಷಿಗೆ ಬಂದವನ ಹೆಸರನ್ನೂ ಸುಮ್ಮನೆ ಕೇಳಿದೆ.

ಅವಳ ಮುಖ ಬಾಡಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು.

"ಅವ್ರ ಹೆಸ್ರು ನಾನ್ ಹೆಂಗೆ ಹೇಳ್ಲಿ ಅಕ್ಕ?"

ನಾನು ಪೆನ್ನು ಕೆಳಗಿಟ್ಟೆ. ಹತ್ತೂರಿನ ಹೆಸರು ಸರಾಗವಾಗಿ ಹೇಳುವ ನಮ್ಮ ಹೆಂಗಸರು ಯಾರೊಬ್ಬನ ಹೆಸರನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ ಎನ್ನುವುದು ನನಗೆ ತಿಳಿಯದ್ದೇ? ಅಷ್ಟು ವರ್ಷ ಸಂಸಾರ ಮಾಡಿದ ನಾನೇ ನನ್ನ ಯಜಮಾನರನ್ನು 'ರೀ' ಎಂದಲ್ಲದೆ ಬೇರೆ ಕರೆದವಳಲ್ಲ. ಹುಡುಗಿಗೆ ಸುಳ್ಳು ಹೇಳಲು ಎಲ್ಲ ಕಲಿಸಿದ್ದರು, ಇದೊಂದನ್ನು ಕಲಿಸಲು ಆ ಗಂಡಸರಿಗೆ ಹೊಳೆದಿರಲಿಲ್ಲ.

ಮಿಕ್ಕಿದ್ದನ್ನು ಅವಳು ತಲೆ ತಗ್ಗಿಸಿಯೇ ಹೇಳಿದಳು. ಊರಿನಲ್ಲಿ ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಅಣ್ಣನ ಜೊತೆ ಇದು ಬರೀ ಪೇಪರಿಗೆ. ಅವಳಿಗೆ ಗ್ರೀನ್ ಕಾರ್ಡು ಬಂದ ಮೇಲೆ ಅವನಿಗೆ ಡೈವೋರ್ಸು ಕೊಟ್ಟು, ಗಂಡನನ್ನು ಕರೆಸಿಕೊಳ್ಳುವುದು. ಅಲ್ಲಿಯವರೆಗೆ ಎಲ್ಲಿರುತ್ತೀಯಮ್ಮ ಎಂದೆ. ಅಣ್ಣನ ಮನೆಯಲ್ಲೇ, ಇಮಿಗ್ರೇಶನ್ ಆಫೀಸರು ಬಂದು ನೋಡುತ್ತಾರಂತಲ್ಲ ಎಂದಳು. ವೀಸಾ ಮುಗಿಯುತ್ತಿದ್ದ ಗಂಡ ಮುಂದಿನ ವಾರ ಊರಿಗೆ ಹೊರಟಿದ್ದ.

"ನಿಂಗೆ ಇಷ್ಟ ಇದ್ಯಾ?" ಎಂದು ಕೇಳಿದೆ.

"ರಾತ್ರಿ ಚಿಲಕ ಹಾಕ್ಕೊಂಡ್ರೆ ಆಯ್ತು ಅಂದವ್ರೆ ಇವ್ರು," ಎಂದಳು.

ಎಂಥ ಗಂಡ! ಮೈಯೆಲ್ಲ ಉರಿದುಹೋಯಿತು. ನೇರ ಮೇಲಧಿಕಾರಿಯ ಹತ್ತಿರ ಹೋದೆ. ಒಳ್ಳೆಯ ಮನುಷ್ಯ. ಹುಡುಗಿಯನ್ನು ಕರೆಸಿ, ನಿನಗೆ ಮೊದಲೇ ಮದುವೆಯಾಗಿದೆಯೇ ಎಂದು ಮೆಲ್ಲಗೆ ಕೇಳಿದರು. ಬಾಗಿಲಲ್ಲಿ ಗಂಡನೂ ಅಣ್ಣನೂ ನಿಂತಿದ್ದರು. "ನೋ ಸರ್," ಎಂದಳು, ಕಲಿಸಿದ ಹಾಗೆ. ನಾನು ಕನ್ನಡದಲ್ಲಿ ಗೋಗರೆದೆ, ನಮ್ಮ ಮನೆಗೆ ಬಾ, ನಿನ್ನನ್ನು ಊರು ಮುಟ್ಟಿಸುವ ಜವಾಬ್ದಾರಿ ನನ್ನದು ಅಂದೆ. ಅವಳು ಗಂಡನ ಮುಖ ನೋಡಿದಳು. ಅವನು ಬೇರೆಲ್ಲೋ ನೋಡಿದ. ಹೆಸರು ಹೇಳದಿರುವುದನ್ನು ಪುರಾವೆ ಎಂದು ಯಾರಿಗೆ ತೋರಿಸಲಿ? ಬೇಡವಾದರೆ ನೀನು ಮಾಡಿಸಬೇಡ, ಅದು ನಿನ್ನಿಷ್ಟ ಎಂದರು ಮೇಲಧಿಕಾರಿ. ನಾನು ನಿಲುವಂಗಿ ಬಿಚ್ಚಿ ಕುರ್ಚಿಯ ಮೇಲೆ ಹಾಕಿದೆ.

ಅಣ್ಣನಿಗೆ ಸಿಟ್ಟೇ ಬರಲಿಲ್ಲ. ಕೈಮುಗಿದ.

"ನೀವ್ಯಾಕೆ ಅಷ್ಟು ತಲೆಬಿಸಿ ಮಾಡ್ಕೋತೀರ ಮೇಡಂ? ಮದುವೆ ಲೈಸೆನ್ಸು ಕೈಯಲ್ಲಿದೆ. ಪಕ್ಕದ ಕೌಂಟಿಗೆ ಹೋಗ್ತೀವಿ. ಅಲ್ಲಿ ಯಾರೂ ಕನ್ನಡದಲ್ಲಿ ಕೇಳಲ್ಲ."

ನನ್ನ ಸೀರೆ, ನನ್ನ ಭಾಷೆ, ನಾನೇ ಮೊದಲಿಗಳು ಅನ್ನುವ ಹಮ್ಮು, ಎಲ್ಲ ಆ ಒಂದು ಮಾತಿಗೆ ಸುಮ್ಮನಾದವು. ಒಂದು ಕೌಂಟಿಗೆ ನಾನೊಬ್ಬಳು ಇದ್ದು ಏನು ಪ್ರಯೋಜನ?

ಅವರ ಹಿಂದೆಯೇ ಪಾರ್ಕಿಂಗ್ ಲಾಟಿನವರೆಗೆ ಓಡಿದೆ. ಏನು ಮಾಡಲು ಅಂತ ನನಗೇ ಗೊತ್ತಿರಲಿಲ್ಲ. ಅಣ್ಣ ಆಗಲೇ ಕಾರು ಸ್ಟಾರ್ಟ್ ಮಾಡಿದ್ದ. ಹುಡುಗಿ ಹಿಂದಿನ ಬಾಗಿಲಿಗೆ ಕೈ ಹಾಕಿದಳು. ಗಂಡ ಅವಳ ಕೈ ಬಿಡಿಸಿ, ಮುಂದಿನ ಬಾಗಿಲು ತೆಗೆದು ಹಿಡಿದ.

"ಮುಂದೆ ಕೂತ್ಕೊ," ಎಂದ. "ಈಗ್ಲಿಂದ್ಲೇ ಅಭ್ಯಾಸ ಆಗ್ಲಿ."