ಮಕ್ಕಳಿಗಿಂತ ಮೊದಲು ಉಣ್ಣುವ ಪಾರ್ವತಿಬಾಯಿ

ನಾಸಿಕ್‌ನ ರವಿವಾರ ಕಾರಂಜಾದ ಹಿಂದಿನ ಓಣಿಯಲ್ಲಿ ಶ್ರಾವಣದ ಮೋಡಕ್ಕೆ ಹತ್ತು ಗಂಟೆಯಾದರೂ ಪೂರ್ತಿ ಬೆಳಕಾಗಿಲ್ಲ. ಕನ್ನಡ ಪ್ರಾಥಮಿಕ ಶಾಲೆಯ ಜಗಲಿಯಲ್ಲಿ ಮುಖ್ಯೋಪಾಧ್ಯಾಯಿನಿ ಪಾರ್ವತಿಬಾಯಿ ಒಬ್ಬರೇ ಎಲೆ ಹಾಕಿಕೊಂಡು ಕೂತಿದ್ದಾರೆ. ಎದುರಿಗೆ ಅನ್ನ, ಹಿತ್ತಾಳೆ ಪಾತ್ರೆ ತುಂಬ ಸೌತೆಕಾಯಿ ಹುಳಿ. ಅದನ್ನು ತಂದ ಹೋಟೆಲ್ ಮಾಲೀಕ ರತ್ನಾಕರ ಶೆಟ್ಟರು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ಕೈಕಟ್ಟಿ ನಿಂತಿದ್ದಾರೆ. ಪಾರ್ವತಿಬಾಯಿ ನಿಧಾನವಾಗಿ ಅಗಿದು, "ತಡೀರಿ, ಅರ್ಧ ತಾಸು ಆಗ್ಲಿ" ಅನ್ನುತ್ತಾರೆ. ಇವರ ಬಗ್ಗೆ ಬರೆಯಲು ಬಂದ ನನಗೆ ಒಗ್ಗರಣೆಯ ವಾಸನೆಗೇ ಹಸಿವಾಗುತ್ತದೆ. ನನ್ನನ್ನು ಕೇಳುವವರಿಲ್ಲ.

ಪಾರ್ವತಿಬಾಯಿ ಬೀದರ್ ಕಡೆಯವರು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆಂದು ಬಂದು, ೧೯೬೩ರಲ್ಲಿ ಇಲ್ಲಿ ಟೀಚರಾಗಿ ಸೇರಿದರು. ಎರಡು ಕೋಣೆ, ತೊಂಬತ್ತು ಮಕ್ಕಳು. ಹೋಟೆಲಿನವರವು, ಗುಲ್ಬರ್ಗಾ ವ್ಯಾಪಾರಿಗಳವು, ಓಝರ್ ವಿಮಾನ ಕಾರ್ಖಾನೆಯವರವು. ಕನ್ನಡದಲ್ಲಿ ಬೈದರೆ ಮರಾಠಿಯಲ್ಲಿ ಅಳುವ ಪೈಕಿ. ಹಾಜರಿ, ಸೋರುವ ಹೆಂಚು, ಬಾವಿಯ ಮುಚ್ಚಳ, ಇನ್‌ಸ್ಪೆಕ್ಟರ ಪ್ರಶ್ನೆ, ಎಲ್ಲಕ್ಕೂ ಉತ್ತರ ಕೊಡಬೇಕಾದವರು ಇವರೇ.

"ಗೇಟಿನೊಳಗ ಬಂದ ಕೂಸು ಹೊರಗ ಹೋಗೂ ತನಕ ನಂದರಿ. ಕಾಯ್ದೆನೂ ಹಂಗ ಹೇಳ್ತದ, ನನ್ನ ಜೀವನೂ ಹಂಗ ಹೇಳ್ತದ."

ಹಾಗಾಗಿ ಮಕ್ಕಳು ಉಣ್ಣುವುದನ್ನೆಲ್ಲ ಇವರು ಮೊದಲು ಉಣ್ಣುತ್ತಾರೆ. ಶಾಲೆಯ ಅಡುಗೆಯ ನಾಗಮ್ಮನಿಗೆ ಅದೊಂದು ಬೇಜಾರು. "ಉಪ್ಪು ಕಮ್ಮಿ ಆಗ್ಯದ ಅಂತ ಒಂದ್ ದಿನಾನೂ ಹೇಳಿಲ್ಲ ನೋಡ್ರಿ. ರುಚಿ ನೋಡಂಗಿಲ್ಲ ಅವ್ರು, ಕೆಟ್ಟದ ಏನು ಅಂತ ಅಷ್ಟೇ ನೋಡ್ತಾರ."

ಮಕ್ಕಳ ಜೊತೆ ಉಂಡದ್ದಿಲ್ಲವೇ ಎಂದು ಕೇಳುತ್ತೇನೆ. "ಅದೊಂದು ಆಸಿ ಅದರಿ, ಅವ್ರ ಪಂಕ್ತಿಯೊಳಗ ಕುಂತು, ಆ ಗದ್ದಲದಾಗ ಉಣ್ಣಬೇಕು ಅಂತ. ಆದ್ರ ಅವ್ರು ಉಣ್ಣೂ ಹೊತ್ತಿಗಿ ನಾ ಬಾಗಲ್ದಾಗ ನಿಂತಿರ್ತೀನಿ, ಯಾರಿಗಿ ಹೊಟ್ಟಿ ನೋಯ್ತದೋ ಅಂತ."

ಹೋದ ವರ್ಷ ಇದೇ ಶ್ರಾವಣದಲ್ಲಿ ಶೆಟ್ಟರು ತೀರಿಕೊಂಡ ತಾಯಿಯ ನೆನಪಿಗೆ ಮಕ್ಕಳಿಗೆ ಊಟ ತಂದಿದ್ದರು. ಹೋಟೆಲಿನ ಅಲ್ಯೂಮಿನಿಯಂ ಬೇಡವೆಂದು, ತಾಯಿ ಉಡುಪಿಯಿಂದ ತಂದಿದ್ದ ಈ ಹಿತ್ತಾಳೆ ಪಾತ್ರೆಯನ್ನೇ ಅಟ್ಟದಿಂದ ಇಳಿಸಿ, ತಾವೇ ಹುಳಿ ಮಾಡಿದ್ದರು. ಕಣ್ಣು ತುಂಬಿದ್ದ ಮನುಷ್ಯ ಪಾತ್ರೆಯ ಒಳಗೆ ತವರದ ಕಲಾಯಿ ಸವೆದುಹೋದದ್ದನ್ನು ನೋಡಿರಲಿಲ್ಲ. ಹುಣಸೆ ರಸ ತಗುಲಿ ಹುಳಿಯೆಲ್ಲ ಕಿಲುಬು. ಮೊದಲ ತುತ್ತಿಗೇ ಪಾರ್ವತಿಬಾಯಿಯ ನಾಲಿಗೆ ಕಹಿಯಾಯಿತು.

"ಇದು ಮಕ್ಕಳ ಎಲಿಗಿ ಹೋಗಂಗಿಲ್ಲರಿ."

"ಅಮ್ಮನ ಹೆಸರಿನ ಊಟ ಮಾರಾಯ್ರೆ, ಹಾಗೆ ಹೇಳ್ಬೇಡಿ" ಅಂದರಂತೆ ಶೆಟ್ಟರು. ಪಾರ್ವತಿಬಾಯಿ ಅದನ್ನು ಹಿತ್ತಲ ಗುಂಡಿಗೆ ಸುರಿಸಿಬಿಟ್ಟರು.

ಶಾಲೆಯ ಎರಡೂ ಕೋಣೆ ಶೆಟ್ಟರವು, ಪುಕ್ಕಟೆ ಕೊಟ್ಟದ್ದು. ದಸರೆಯೊಳಗೆ ಬೇರೆ ಜಾಗ ನೋಡಿಕೊಳ್ಳಿ ಎಂದು ಹೇಳಿ ಅವರು ಹೊರಟುಹೋದರು. ಕ್ಷಮೆ ಕೇಳಿ ಎಂದು ಆಡಳಿತ ಮಂಡಳಿಯವರು ಪಾರ್ವತಿಬಾಯಿಗೆ ದುಂಬಾಲು ಬಿದ್ದರು. "ಮನಸು ನೋಯಿಸಿದ್ದಕ್ಕ ಕೇಳ್ತೀನಿ, ಚೆಲ್ಲಿದ್ದಕ್ಕ ಕೇಳಂಗಿಲ್ಲ" ಎಂದು ಇವರು ಪಂಚವಟಿಯ ಗಲ್ಲಿಗಲ್ಲಿ ಅಲೆದು ಜಾಗ ಹುಡುಕಿದರು. ಎಲ್ಲೂ ಸಿಗಲಿಲ್ಲ. ತೊಂಬತ್ತು ಮಕ್ಕಳನ್ನು ಎಲ್ಲಿ ಕೂರಿಸುವುದೆಂದು ಆ ಎರಡು ರಾತ್ರಿ ನಿದ್ದೆಯೇ ಬರಲಿಲ್ಲವಂತೆ.

ಮುಂದಿನದನ್ನು ಶೆಟ್ಟರೇ ನಾಚಿಕೊಂಡು ಹೇಳುತ್ತಾರೆ. "ಪಾತ್ರೆಯ ತಳದಲ್ಲಿ ಸ್ವಲ್ಪ ಉಳಿದಿತ್ತು. ಹಠದಲ್ಲಿ ಮನೆಗೆ ಹೋಗಿ ನಾನೇ ಉಂಡೆ. ಮತ್ತೆ ಎರಡು ದಿನ ಏಳ್ಲಿಕ್ಕೇ ಆಗ್ಲಿಲ್ಲ. ಮಲಗಿದಲ್ಲೇ ಯೋಚನೆ ಬಂತು, ಆ ಸಣ್ಣ ಮಕ್ಕಳು ಉಂಡಿದ್ದರೆ ಅಮ್ಮನ ಹೆಸರು ಎಂತ ಆಗ್ತಿತ್ತು ಅಂತ." ಮೂರನೆಯ ದಿನ ಬಂದು, ಕೋಣೆ ಬಿಡುವುದು ಬೇಡ ಎಂದರು.

ಈ ವರ್ಷ ಪಾತ್ರೆಗೆ ಹೊಸ ಕಲಾಯಿ. ಮೊದಲು ತಾನೇ ಉಣ್ಣುತ್ತೇನೆಂದು ಶೆಟ್ಟರು ಎಷ್ಟು ಹೇಳಿದರೂ ಪಾರ್ವತಿಬಾಯಿ ಒಪ್ಪಿಲ್ಲ. "ಊಟದ ವಹಿಯೊಳಗ ರುಜು ನಂದಂದ್ರ ನಾಲಿಗಿನೂ ನಂದೇ ಇರಬೇಕಲ್ರಿ."

ಅರ್ಧ ತಾಸು ಕಳೆಯುತ್ತದೆ. "ಬಡಸ್ರಿ" ಎಂದು ಅವರು ಏಳುತ್ತಾರೆ. ಪ್ರಾರ್ಥನೆ ಮುಗಿಸಿದ ಮಕ್ಕಳು ಗಲಾಟೆ ಮಾಡುತ್ತ ಸಾಲಾಗಿ ಕೂರುತ್ತವೆ. ಶೆಟ್ಟರು ಒಂದನೇ ಇಯತ್ತೆಯ ಹುಡುಗಿಯೊಬ್ಬಳ ಪಕ್ಕ ಇನ್ನೊಂದು ಎಲೆ ಹಾಕಿ ಪಾರ್ವತಿಬಾಯಿಯನ್ನು ಕರೆಯುತ್ತಾರೆ.

"ನಾ ಆಗಲೇ ಉಂಡೀನಲ್ರಿ."

"ಅದು ಹೆಡ್‌ಮಿಸ್ಟ್ರೆಸ್ ಉಂಡದ್ದು. ಬಾಗಿಲಲ್ಲಿ ನಾನು ನಿಲ್ತೇನೆ. ಈಗ ನೀವು ಉಣ್ಣಿ, ಪಾರ್ವತಿಬಾಯಿ."

ಶೆಟ್ಟರು ಹೋಗಿ ಬಾಗಿಲಲ್ಲಿ ನಿಲ್ಲುತ್ತಾರೆ. ಪಾರ್ವತಿಬಾಯಿ ಸೆರಗು ಸುತ್ತಿಕೊಂಡು ಆ ಗದ್ದಲದ ನಡುವೆ ಕೂರುತ್ತಾರೆ. ಒಂದು ತುತ್ತು ಉಂಡು, ಬಾಗಿಲ ಕಡೆ ತಿರುಗಿ ಹೇಳುತ್ತಾರೆ:

"ಶೆಟ್ಟರ, ಉಪ್ಪು ಸ್ವಲ್ಪ ಕಮ್ಮಿ ಆಗ್ಯದ."